ಅತಿಥಿಗೊಂದು ಲೋಟ ನೀರು

ಸ್ವೆತೊಜಾರನ ಫಜೀತಿ ಶುರುವಾದದ್ದು ಒಂದು ಲೋಟ ನೀರಿನಿಂದ. ನಮ್ಮ ಕಣಿವೆಯಲ್ಲಿ ಮನೆಗೆ ಯಾರೇ ಬರಲಿ, ಮೊದಲು ಒಂದು ಚಮಚ ಪ್ಲಮ್ ಹಣ್ಣಿನ ಮುರಬ್ಬ, ಅದರ ಬೆನ್ನಿಗೇ ಒಂದು ಲೋಟ ಬಾವಿ ನೀರು ಕೊಡಬೇಕು. ಆಮೇಲೆ ಕಾಫಿಯೋ ರಕಿಯಾ ಎಂಬ ಹಣ್ಣಿನ ಸಾರಾಯಿಯೋ ಜಗಳವೋ, ಏನು ಬೇಕಾದರೂ ಆಗಬಹುದು. ಆದರೆ ಹೊಳೆಯಾಚೆಯ ಕಲ್ಲಿದ್ದಲು ಗಣಿ ಆಳಕ್ಕೆ ಇಳಿದ ಹಾಗೆಲ್ಲ ನಮ್ಮ ಬಾವಿಗಳ ನೀರೂ ಅದರ ಹಿಂದೆಯೇ ಇಳಿದುಹೋಗಿತ್ತು. ಸ್ವೆತೊಜಾರನ ಬಾವಿಯಲ್ಲಿ ಈಗ ಉಳಿದಿದ್ದು ಒಂದು ಕಪ್ಪೆ, ಅದಕ್ಕೂ ಬೇಸರ ಬಂದಿತ್ತು.

ಹೊಲದಲ್ಲಿ ಅವನ ದೊಣ್ಣೆಮೆಣಸಿನ ಗಿಡಗಳು ಬಾಡುತ್ತಿದ್ದವು. ಗಣಿಯಿಂದ ಬಾವಿ ಬತ್ತಿದರೆ ಗಣಿಯವರೇ ಮನೆಗೆ ಕೊಳವೆ ಹಾಕಿಸಿ ನೀರು ಕೊಡಬೇಕೆಂಬ ನಿಯಮವೇನೋ ಇತ್ತು. ಅದಕ್ಕಾಗಿ ಅವನು ಅರ್ಜಿ ಬರೆದೂ ಬರೆದೂ ಸವೆದ. ಪಕ್ಕದ ಮನೆಯ ತಾದಿಯಾ ಒಂದಕ್ಷರ ಬರೆಯದೆ ಬೇಲಿಗೆ ಒರಗಿ ನಗುತ್ತಿದ್ದ. ಕೊನೆಗೂ ಬಾವಿಗಳನ್ನು ಅಳೆಯಲು ಸರ್ಕಾರದಿಂದ ಯಾಗೊದಾ ಎಂಬ ಎಂಜಿನಿಯರ್ ಮೇಡಂ ಬರುವ ದಿನ ಬಂತು.

ಅವರನ್ನು ಬಸ್ಸಿನಿಂದ ಕರೆತರಲು ಸ್ವೆತೊಜಾರ್ ಟ್ರ್ಯಾಕ್ಟರ್ ಹತ್ತಿದ. ಮನೆಯಲ್ಲಿ ಅವನ ದೊಡ್ಡಮ್ಮ ವಿದೊಸಾವಾ ಇದ್ದಳು.

"ಬಾಟಲಿ ನೀರು ತಂದಿಟ್ಟಿದೀನಿ ದೊಡ್ಡಮ್ಮ. ಅದನ್ನೇ ಲೋಟಕ್ಕೆ ಹಾಕಿ ಕೊಡು."

"ಬಾವಿ ಇರೋ ಮನೇಲಿ ಬಾಟಲಿ ನೀರಾ? ನಿಮ್ಮಜ್ಜ ಬದುಕಿದ್ದಿದ್ರೆ ನಿನ್ನ ಆ ಬಾವಿಗೇ ಇಳಿಸ್ತಿದ್ರು."

"ಬಾವಿ ಒಣಗಿರೋದನ್ನ ನೋಡೋಕೇ ಅವ್ರು ಬರ್ತಿರೋದು."

"ನೋಡ್ಲಿ, ಬೇಡ ಅಂದೋರ್ಯಾರು. ಕುಡ್ಕೊಂಡು ನೋಡ್ಲಿ."

ಈ ಮಾತಿನ ಅರ್ಥವೇನೆಂದು ಕೇಳುತ್ತ ಕೂರಲು ಅವನಿಗೆ ಹೊತ್ತಿರಲಿಲ್ಲ. ಟ್ರ್ಯಾಕ್ಟರ್ ತಿರುವು ದಾಟಿದ್ದೇ ತಡ, ಮುದುಕಿ ಒಬ್ರಾದನಿಗೆ ಫೋನ್ ಮಾಡಿದಳು. ಒಬ್ರಾದ್ ಗಣಿಯ ರಸ್ತೆಗಳ ದೂಳಿಗೆ ನೀರು ಚಿಮುಕಿಸುವ ಲಾರಿಯ ಡ್ರೈವರ್. ಅವನ ಮಗಳಿಗೆ ಹೆಸರಿಟ್ಟ ಧರ್ಮತಂದೆ ಸ್ವೆತೊಜಾರ್. ಸ್ವಂತ ತಮ್ಮನಿಗೆ ಬೇಕಾದರೆ ಇಲ್ಲ ಎನ್ನಬಹುದು, ಮಗುವಿಗೆ ಹೆಸರಿಟ್ಟವನ ಮನೆಯವರಿಗೆ ಹಾಗೆನ್ನುವ ಗಂಡಸು ನಮ್ಮ ಕಣಿವೆಯಲ್ಲಿ ಇನ್ನೂ ಹುಟ್ಟಿಲ್ಲ. ಒಬ್ರಾದ್ ಯಾರಿಗೂ ಹೇಳದೆ ಗಣಿಯ ನೀರಿನ ಲಾರಿಯನ್ನು ತಂದು ಅದರ ನೀರನ್ನೆಲ್ಲ ಬಾವಿಗೆ ಸುರಿದ. ರಬ್ಬರ್ ಪೈಪನ್ನು ತಾದಿಯಾ ಹಿಡಿದುಕೊಂಡ. ಕರೆಯದೆ ಸಹಾಯಕ್ಕೆ ಬರುವುದು ಅವನ ಹುಟ್ಟುಗುಣ.

ಯಾಗೊದಾ ಅವರ ಬಳಿ ನೀರು ಮುಟ್ಟಿದರೆ ಕೂಗುವ ಒಂದು ಅಳತೆ ಟೇಪಿತ್ತು. ದಾರಿಯಲ್ಲೇ ಸಿಕ್ಕ ತಾದಿಯಾನ ಬಾವಿಗೆ ಮೊದಲು ಇಳಿಬಿಟ್ಟರು. ತಳ ಮುಟ್ಟಿದರೂ ಅದು ತುಟಿಪಿಟಕ್ಕೆನ್ನಲಿಲ್ಲ. ಸ್ವೆತೊಜಾರನ ಎದೆ ಉಬ್ಬಿತು. ಅವನ ಸ್ವಂತ ಬಾವಿಯಲ್ಲಿ ಟೇಪು ಒಂದು ಆಳುದ್ದ ಇಳಿಯುವ ಮೊದಲೇ ಹಸಿದ ಕೂಸಿನ ಹಾಗೆ ಕೂಗತೊಡಗಿತು.

ಸ್ವೆತೊಜಾರ್ ಬಾವಿಗೆ ಬಗ್ಗಿ ನೋಡಿದ. ಅವನ ಮುಖವೇ ಹತ್ತಿರದಿಂದ ಅವನನ್ನು ನೋಡುತ್ತಿತ್ತು.

"ದೊಡ್ಡಮ್ಮ, ಈ ನೀರು ಎಲ್ಲಿಂದ ಬಂತು?"

"ಭೂಮಿಯಿಂದ" ಎಂದಳು ಮುದುಕಿ. ಅದೇನೂ ಸುಳ್ಳಲ್ಲ. ಅವಳ ಕೈಯಲ್ಲಿ ಆಗಲೇ ಮುರಬ್ಬದ ತಟ್ಟೆ, ತುಂಬಿದ ಲೋಟ ಇದ್ದವು.

ಯಾಗೊದಾ ಒಂದು ಗುಟುಕು ಕುಡಿದರು. ಮುಖ ಕಿವುಚಿದರು. ಮರ್ಯಾದೆಗೆ ಪೂರ್ತಿ ಮುಗಿಸಿ, ಇನ್ನೂ ಒಂದು ಚಮಚ ಮುರಬ್ಬ ಕೇಳಿ ತಿಂದರು.

ಸ್ವೆತೊಜಾರನಿಗೆ ಅಂಗಳದಲ್ಲಿ ಲಾರಿಯ ಗಾಲಿಯ ಗುರುತು ಕಂಡಿತು, ಎಲ್ಲವೂ ಅರ್ಥವಾಯಿತು. ಬಾಯಿ ಬಿಟ್ಟರೆ ಒಬ್ರಾದನ ಕೆಲಸ ಹೋಗುತ್ತದೆ, ಬಿಡದಿದ್ದರೆ ತನ್ನ ಬೆಳೆ ಹೋಗುತ್ತದೆ. ಅವನಿಗೆ ಅಳುವೇ ಬಂತು.

"ಹೆದರ್ಬೇಡಿ" ಎಂದರು ಯಾಗೊದಾ ಮೆಲ್ಲಗೆ. "ಪಕ್ಕದ ಬಾವಿ ಒಣಗಿರುವಾಗ ಇದೊಂದೇ ತುಂಬಿರೋಕಾಗಲ್ಲ. ಗಣಿ ನೀರಿನ ರುಚೀನೂ ನಂಗೆ ಗೊತ್ತು. ತಂದೋರು ಯಾರು ಅಂತ ಕೇಳಲ್ಲ."

"ಹಾಗಾದ್ರೆ ನನ್ನ ಬಾವಿ ಒಣಗಿದೆ ಅಂತಾಯ್ತಲ್ಲ ಮೇಡಂ?"

"ಒಣಗಿದೆ. ಗಣಿಯಿಂದಾನೇ ಒಣಗಿದೆ. ಅನುಮಾನವೇ ಇಲ್ಲ."

ಸ್ವೆತೊಜಾರ್ ದೊಡ್ಡಮ್ಮನ ಎರಡೂ ಕೆನ್ನೆಗೆ ಮುತ್ತಿಟ್ಟ. ಎಲ್ಲರಿಗೂ ರಕಿಯಾ ಸುರಿದ, ತಾದಿಯಾನಿಗೂ ಕೊಟ್ಟ. ಅಷ್ಟು ಖುಷಿ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ.

"ಇನ್ನೊಂದು ಕೇಳೋದಿತ್ತು" ಎಂದರು ಯಾಗೊದಾ. "ಗಣಿಯವ್ರು ಈ ಮನೆಗೆ ನೀರೇನಾದ್ರೂ ಕೊಟ್ಟಿದಾರಾ? ಒಂದ್ಸಲ ಕೊಟ್ಟಿದ್ರೂ ಆ ಮನೆಗೆ ಕೊಳವೆ ಹಾಕಿಸೋ ಹಾಗಿಲ್ಲ. ಕೊಡದೇ ಇರೋ ಮನೆಗಳಿಗೆ ಮಾತ್ರ."

"ಒಂದು ಹನೀನೂ ಕೊಟ್ಟಿಲ್ಲ" ಎಂದ ಸ್ವೆತೊಜಾರ್.

"ಹಂಗನ್ಬೇಡ ಮಾರಾಯ" ಎಂದ ತಾದಿಯಾ, ಲೋಟ ಕೆಳಗಿಟ್ಟು. "ಇವತ್ತೇ ಒಂದು ಲಾರಿ ಕೊಟ್ರಲ್ಲ. ಪೈಪ್ ಹಿಡ್ದಿದ್ದೇ ನಾನು."

"ಅದು ಗಣಿಯವ್ರು ಕೊಟ್ಟಿದ್ದಲ್ಲ ಮೇಡಂ..."

"ಮತ್ತೆ? ಕದ್ದಿದ್ದಾ?" ಎಂದರು ಯಾಗೊದಾ.

ಸ್ವೆತೊಜಾರ್ ಬಾಯಿ ತೆರೆದ. ದೊಡ್ಡಮ್ಮ ಅವನನ್ನೇ ನೋಡುತ್ತಿದ್ದಳು. ಒಬ್ರಾದನ ಪುಟ್ಟ ಮಗಳ ಮುಖ ಕಣ್ಣ ಮುಂದೆ ಬಂತು. ಅವನು ಬಾಯಿ ಮುಚ್ಚಿ, ಮತ್ತೆ ತೆರೆದ.

"ಕೊಟ್ಟಿದ್ದೇ ಮೇಡಂ. ಧಾರಾಳವಾಗಿ ಕೊಟ್ರು."

ಯಾಗೊದಾ ತಲೆಯಾಡಿಸಿದರು. ಅವರಿಗೂ ಬೇಸರವಾದಂತಿತ್ತು, ಆದರೆ ಆ ನೀರನ್ನು ಅವರೇ ಕುಡಿದಿದ್ದರು. "ಹಾಗಾದ್ರೆ ಈ ಸಾಲಿನಲ್ಲಿ ತಾದಿಯಾ ಅವರ ಮನೆಗೆ ಮಾತ್ರ ಕೊಳವೆ ಬರುತ್ತೆ. ಅದಕ್ಕೆ ನಿಮ್ಮ ಹೊಲದ ಮಧ್ಯೆ ಅಗೀಬೇಕಾಗುತ್ತೆ ಸ್ವೆತೊಜಾರ್. ನಿಮ್ಮದೇನೂ ಅಡ್ಡಿ ಇಲ್ವಲ್ಲ?"

ಸ್ವೆತೊಜಾರ್ ತನ್ನ ಹೊಲದ ಕಡೆ ತಿರುಗಿದ. ಸಹಾಯಕ್ಕೆ ತಾದಿಯಾ ಇದ್ದ.

"ಅವನದೇನು ಅಡ್ಡಿ ಮೇಡಂ" ಎಂದ. "ಹೆಂಗೂ ಗಿಡ ಎಲ್ಲಾ ಒಣಗ್ತಾ ಇದಾವೆ."