ಎಂ.ಎಸ್ಸಿ. ಗಣಿತಕ್ಕೆ ಹೊರಟ ರೈಟರು

ಎಂ.ಎಸ್ಸಿ. ಗಣಿತಕ್ಕೆ ಸೇರಲು ಬೇಕಾದ ಸಕಲ ಅರ್ಹತೆಗಳೂ ನನ್ನಲ್ಲಿವೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ತೊಂಬತ್ತರ ದಶಕದ ಮಾತು. ಬಿ.ಎಸ್ಸಿ. ಮುಗಿಸಿ ಗೋಣಿಬೀಡಿನ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದೆ. ಆಳುಗಳು ಕೊಯ್ದು ತಂದ ಹಣ್ಣು ತೂಗಿಸಿ ಬರೆದುಕೊಳ್ಳುವ ಕೆಲಸ. ಎಷ್ಟು ಕಾಲ ಹಣ್ಣು ತೂಗುವುದು? ಲೆಕ್ಚರರ್ ಆಗಬೇಕು!

ಪೇಪರಿನ ಪ್ರಕಟಣೆ ಓದಿದ ಹೆಂಡತಿ ಸುಮಿತ್ರ, "ಗಣಿತದಲ್ಲಿ ಐವತ್ತು ಪರ್ಸೆಂಟ್ ಬೇಕಂತೆ. ನಿಮ್ಗೆಷ್ಟು ಬಂದಿತ್ತು?" ಎಂದಳು.

"ಒಟ್ಟು ಐವತ್ತೆಂಟು!"

"ಒಟ್ಟು ಯಾರು ಕೇಳಿದ್ರು ಮಾರಾಯ್ರೇ? ಗಣಿತದಲ್ಲಿ?"

"ಸರಾಸರಿ ಅಂದ್ರೆ ಏನು ಅಂತ ನಿಂಗೆ ಗೊತ್ತಿಲ್ಲ. ಸುಮ್ನಿರು."

ಕೆಲಸ ಬಿಡುತ್ತೇನೆಂದು ಎಸ್ಟೇಟಿನ ಮಾಲೀಕರಾದ ಗೌಡರಿಗೆ ಹೇಳಿಯೇಬಿಟ್ಟೆ. ಅವರು ಶಾಲು ಹೊದಿಸಿ, ಕಡುಬು ಕೋಳಿಸಾರಿನ ಊಟ ಹಾಕಿಸಿ, ಬಸ್ಸಿನವರೆಗೆ ಜೀಪು ಕೊಟ್ಟು ಕಳಿಸಿದರು.

ವಿಶ್ವವಿದ್ಯಾಲಯದ ಗುಮಾಸ್ತರು ನನ್ನ ಮಾರ್ಕ್ಸ್ ಕಾರ್ಡಿನಿಂದ ಕನ್ನಡ ತೆಗೆದರು. ಇಂಗ್ಲಿಷ್ ತೆಗೆದರು. ಭೌತಶಾಸ್ತ್ರ, ರಸಾಯನಶಾಸ್ತ್ರ ಎರಡನ್ನೂ ತೆಗೆದರು. ಉಳಿದದ್ದು ಗಣಿತ. ನಲವತ್ತೊಂದು!

"ಸಾರ್, ಕನ್ನಡದಲ್ಲಿ ಎಪ್ಪತ್ತಾರಿದೆ. ಸ್ವಲ್ಪ ಈ ಕಡೆ ಸೇರಿಸಿದ್ರೆ..."

"ಗಣಿತ ಒಂದನ್ನೇ ನೋಡೋದು."

"ಹಾಗಾದ್ರೆ ಸ್ಟ್ಯಾಟಿಸ್ಟಿಕ್ಸ್ ಕೊಡಿ!"

"ಅದಕ್ಕೂ ಗಣಿತವೇ ಬೇಕು. ನೀವು ಕನ್ನಡ ಎಂ.ಎ.ಗೆ ಹೋಗಿ."

ನನಗೆ ಅಳುವೇ ಬಂತು. ಇತ್ತ ಕೆಲಸ ಬಿಟ್ಟಾಗಿತ್ತು. ಕೋಳಿ ತಿಂದಾಗಿತ್ತು. ಶಾಲನ್ನು ಚೀಲದ ತಳಕ್ಕೆ ತುರುಕಿಕೊಂಡು ಊರಿಗೆ ವಾಪಸಾದೆ. ಸುಮಿತ್ರ ಸ್ನಾನಕ್ಕೆ ನೀರು ಕಾಯಿಸಿದಳು. ಬೈದಿದ್ದರೇ ವಾಸಿಯಿತ್ತು! ಮರುದಿನ ಗೌಡರೆದುರು ನಿಂತು ನಡೆದದ್ದೆಲ್ಲ ಒದರಿದೆ.

"ನಿಮ್ಮ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ, ಬನ್ನಿ ರೈಟ್ರೇ," ಎಂದರು ಪುಣ್ಯಾತ್ಮರು.

ಕೊಯ್ಲು ಶುರುವಾಯಿತು. ನಮ್ಮಲ್ಲಿ ಕೊಯ್ದದ್ದನ್ನು ಹಾಗೆಹಾಗೇ ತೂಗುವ ಪದ್ಧತಿಯಿಲ್ಲ. ಕಣದಲ್ಲಿ ಸುರಿದು, ಹಸಿರು ಕಾಯಿ ಆರಿಸಿ ತೆಗೆದು, ಕೆಂಪು ಹಣ್ಣನ್ನು ಮಾತ್ರ ತಕ್ಕಡಿಗೆ ಹಾಕಬೇಕು. ವರ್ಷಗಟ್ಟಲೆ ಇದನ್ನು ಅರಚಿ ಅರಚಿ ಹೇಳಿದವನು ಸಾಕ್ಷಾತ್ ನಾನೇ!

ಹಣ್ಣು ಕೊಯ್ಯುವ ಗಿರಿಜಕ್ಕ ಮೊದಲ ಚೀಲ ತಂದು ಇಳಿಸಿದಳು. "ರೈಟ್ರೇ, ಈ ಸಲಾನೂ ಹಸಿರು ಆರಿಸ್ಬೇಕಾ?"

ನಾನು ಬಗ್ಗಿ ತಕ್ಕಡಿಯ ತಟ್ಟೆ ಒರೆಸತೊಡಗಿದೆ.

ಹಿಂದಿನಿಂದ ಗೌಡರ ದನಿ ಕೇಳಿತು. "ಆರಿಸ್ಲೇಬೇಕು ಗಿರಿಜಕ್ಕ! ಎಲ್ಲಾ ಸೇರಿಸಿ ಒಟ್ಟಿಗೆ ತೂಗೋದು ನಮ್ಮ ರೈಟ್ರ ಮಾರ್ಕ್ಸ್ ಕಾರ್ಡ್ ಮಾತ್ರ!"

ಕಣದಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಸುಮಾರು ನಲವತ್ತೊಂದು ಪರ್ಸೆಂಟ್!