ಅರಸೀಕೆರೆ ಸ್ಟೇಷನ್ನಿನಿಂದ ದಾರಿ ಹೇಳು

ನಾನು ಡಿಗ್ರಿ ಪಾಸು ಮಾಡುವುದು ಈ ಜನ್ಮದಲ್ಲಿ ಆಗದ ಮಾತು ಎಂದು ಮೊಟ್ಟಮೊದಲು ಘೋಷಿಸಿದವರು ನಮ್ಮ ಸೋದರತ್ತೆ. ನನಗೆ ಬೇಸರವೇನಿಲ್ಲ ಬಿಡಿ. ಬೆಳಿಗ್ಗೆ ಹುಟ್ಟಿದ ಸೂರ್ಯನನ್ನೂ ಇದು ನೆನ್ನೆಯದೇ ಹೌದೋ ಅಲ್ಲವೋ ಎಂದು ಕಣ್ಣು ಕಿರಿದು ಮಾಡಿ ನೋಡುವ ಹೆಂಗಸು ಅವರು!

“ನಮ್ಮನೇಲಿ ಹತ್ತನೇ ಕ್ಲಾಸು ದಾಟಿದೋರು ಯಾರವ್ರೆ? ಇವ್ಳು ದಿನಾ ಅರಸೀಕೆರೆ ಬಸ್ಸು ಹತ್ತುತಾಳೆ, ಸರಿ. ಇಳಿದ ಮ್ಯಾಲೆ ಎಲ್ಲಿಗೋಯ್ತಾಳೋ ಯಾರು ಕಂಡೋರು?” ಇದು ಅವರ ವಾದ.

ಗಂಡ ತೀರಿಕೊಂಡ ಮೇಲೆ ಅತ್ತೆ ಜಾವಗಲ್ಲಿನ ನಮ್ಮ ಮನೆಗೇ ಬಂದು ಉಳಿದಿದ್ದರು. ಜೊತೆಗೆ ತಂದದ್ದು ಒಂದು ಟ್ರಂಕು, ಮತ್ತೊಂದು ಕಾನೂನು. ಯಾವ ಮಾತಿಗೂ ಮೂರು ಸಾಕ್ಷಿ ಬೇಕು! ಬಸ್ಸು ಎಲ್ಲಿಗೆ ಹೋಗುತ್ತದೆಂದು ಕಂಡಕ್ಟರನ್ನು ಕೇಳುವರು, ಡ್ರೈವರನ್ನು ಕೇಳುವರು, ಆಮೇಲೆ ಕಿಟಕಿ ಪಕ್ಕ ನಿದ್ದೆ ಹೊಡೆಯುತ್ತಿದ್ದವನನ್ನು ಎಬ್ಬಿಸಿ ಕೇಳುವರು. “ಬೋರ್ಡ್ ನೋಡ್ಕೊಳ್ಳಿ ಅಮ್ಮಾ” ಎಂದು ಕಂಡಕ್ಟರ್ ಒಮ್ಮೆ ರೇಗಿದ. “ಬೋರ್ಡ್ ಬರೆದೋನು ನಿನ್ ಕಡೆಯೋನೇ ಅಲ್ವೇನಪ್ಪಾ?” ಎಂದರು ಅತ್ತೆ. ಅವನು ಸೀಟಿ ಊದಿ ಬಸ್ಸು ಹೊರಡಿಸಿದ.

ಓದು ಬಾರದ ಅತ್ತೆಗೆ ಕಾಗದಪತ್ರವೆಂದರಂತೂ ಮುಗಿಯಿತು. ಬಂದ ಕಾಗದವನ್ನು ಪೋಸ್ಟ್‌ಮ್ಯಾನ್ ಒಮ್ಮೆ ಓದಬೇಕು, ಸ್ಕೂಲು ಮೇಷ್ಟ್ರು ಒಮ್ಮೆ, ಅಂಗಡಿಯವರು ಒಮ್ಮೆ. ಮೂವರೂ ಬೇರೆ ಬೇರೆ ಓದಬೇಕು, ನಡುವೆ ಒಬ್ಬರಿಗೊಬ್ಬರು ಸಿಗಕೂಡದು! ಮೂರೂ ಓದು ತಾಳೆಯಾದರೆ ಮಾತ್ರ ಕಾಗದ ನಿಜ.

ಈ ಕಾನೂನಿಗೆ ಮಾದಿಹಳ್ಳಿಯ ಮದುವೆಯಲ್ಲಿ ಒಂದು ತಿದ್ದುಪಡಿ ಸೇರಿತು. ಹೆಣ್ಣಿನ ತಂದೆ ಮನೆಗೆ ಬಂದು ಕರೆದಿದ್ದರು. “ಬಸ್ಸಿಳಿದು ಎಡಗಡೆ ಎರಡನೇ ಬೀದಿ, ಚಪ್ಪರ ಕಾಣ್ತೈತೆ” ಅಂದಿದ್ದರು. ಅವರು ಹೇಳಿದ್ದು ಬೇಲೂರಿನ ಕಡೆಯಿಂದ ಬರುವವರ ಎಡ. ನಾವು ಬಂದದ್ದು ಹಳೇಬೀಡಿನ ಕಡೆಯಿಂದ! ಎಡಗಡೆಯ ಎರಡನೇ ಬೀದಿಯಲ್ಲಿ ಚಪ್ಪರವೂ ಇತ್ತು. ಕೂರಿಸಿದರು, ಬಡಿಸಿದರು. ಪಾಯಸದ ಹೊತ್ತಿಗೆ ಅತ್ತೆ ಅಮ್ಮನನ್ನು ತಿವಿದರು. “ಮದುವೆ ಅಂತೀರ. ಗಂಡು ತೊಟ್ಟಿಲಲ್ಲಿ ಮಲಗೈತಲ್ಲಾ!”

ಯಾರದೋ ಮಗುವಿನ ನಾಮಕರಣ. ಮಗುವಿಗೆ ಉಡುಗೊರೆ ಕೊಟ್ಟು ತಲೆ ತಗ್ಗಿಸಿ ಎದ್ದೆವು.

ಅಂದಿನಿಂದ ಅತ್ತೆಗೆ ಯಾರಾದರೂ ದಾರಿ ಹೇಳಿದರೆ ಮೊದಲ ಪ್ರಶ್ನೆ, “ಎಲ್ಲಿಂದ?” ಯಾವ ಊರಿಗಾದರೂ ಸರಿ, ಅರಸೀಕೆರೆ ರೈಲ್ವೆ ಸ್ಟೇಷನ್ನಿನಿಂದ ದಾರಿ ಹೇಳಬೇಕು. “ಅದೊಂದು ಜಾಗ ಮಾತ್ರ ಕದಲಾಕಿಲ್ಲ” ಎನ್ನುವರು. ಉಪ್ಪಿನ ಡಬ್ಬ ಪಕ್ಕದಲ್ಲೇ ಇದೆ ಎಂದು ಅಮ್ಮ ಅಂದರೂ ತಕ್ಷಣ ಬರುತ್ತಿತ್ತು, “ಯಾರ ಪಕ್ಕ?”

ಅರಸೀಕೆರೆ ಕಾಲೇಜಿನಲ್ಲಿ ನಾನು ಓದುತ್ತಿದ್ದುದು ಬಿಸಿಎ, ಕಂಪ್ಯೂಟರಿನ ಡಿಗ್ರಿ. ಒಂದು ಸಲ ಪೇಪರು ಹೋಗಿತ್ತು. “ಇನ್ನೊಂದು ಸಲ ಹಿಂಗಾದ್ರೆ ಕಾಲೇಜು ಸಾಕು ಕಣವ್ವ” ಎಂದು ಅಪ್ಪ ಮೆತ್ತಗೇ ಹೇಳಿದ್ದರು. ಮೆತ್ತಗೆ ಹೇಳಿದ್ದರಿಂದಲೇ ನನಗೆ ಹೆದರಿಕೆ. ಉಳಿದಿದ್ದು ಕೊನೆಯ ಪ್ರಾಜೆಕ್ಟು: ಬೇಲೂರು, ಹಳೇಬೀಡು ನೋಡಲು ಬರುವವರಿಗೊಂದು ವೆಬ್‌ಸೈಟು. ಮುಖಪುಟ ಹೊರಗಿನ ದೊಡ್ಡ ಫೋಲ್ಡರಿನಲ್ಲಿ, ಅದರೊಳಗೆ ಊರಿಗೊಂದು ಫೋಲ್ಡರು. ಎಲ್ಲ ಪುಟಕ್ಕೂ ಬೇಕಾದ ತಲೆಬರಹದ ಫೈಲು, ಊರುಗಳ ಪಟ್ಟಿಯ ಫೈಲು ಅವುಗಳ ಪಕ್ಕದ ಇನ್ನೊಂದು ಫೋಲ್ಡರಿನಲ್ಲಿ. ಯಾವುದೇ ಪುಟ ತೆರೆಯಲು ಹೊರಟಾಗ ಅವನ್ನು ಅಲ್ಲಿಂದ ಕರೆಸಿಕೊಳ್ಳಬೇಕು. ಹಳೇಬೀಡಿನ ಪುಟ ಚೆನ್ನಾಗಿ ಬರುತ್ತಿತ್ತು, ಬೇಲೂರಿನದೂ ಬರುತ್ತಿತ್ತು. ಮುಖಪುಟ ತೆರೆದರೆ ಮಾತ್ರ ‘ಫೈಲು ಇಲ್ಲ’! ಕಣ್ಣೆದುರಿಗೆ ಇರುವ ಫೈಲು ಇಲ್ಲವೆಂದರೆ ಹೇಗಿರಬೇಡ?

ಪರೀಕ್ಷೆಗೆ ಒಂದು ದಿನವಿದೆ ಎನ್ನುವಾಗ ಲ್ಯಾಬಿನ ಬಾಗಿಲಲ್ಲಿ ಅತ್ತೆ ಪ್ರತ್ಯಕ್ಷರಾದರು. ಕೈಯಲ್ಲಿ ಊಟದ ಡಬ್ಬ. ಡಬ್ಬ ನೆಪವೆಂದು ನನಗೆ ಗೊತ್ತಾಗದೆ ಇರುತ್ತದೆಯೇ? ನಾನು ಬಸ್ಸಿಳಿದು ಎಲ್ಲಿಗೆ ಹೋಗುತ್ತೇನೆಂದು ನೋಡಲು ಬಂದಿದ್ದರು.

“ಯಾಕಮ್ಮಿ, ಮುಖ ಹಂಗೈತೆ?”

“ಫೈಲು ಸಿಕ್ತಿಲ್ಲ ಅಂತೈತೆ ಅತ್ತೆ.”

“ಎಲ್ಲಿಟ್ಟಿದ್ದೆ?”

“ಇಲ್ಲೇ, ಪಕ್ಕದ ಫೋಲ್ಡರಲ್ಲಿ.”

“ಯಾರ ಪಕ್ಕ?”

ನಗಲು ಬಾಯಿ ತೆರೆದವಳು ಸ್ಕ್ರೀನಿನ ಕಡೆ ತಿರುಗಿದೆ. ಪಟ್ಟಿಯ ಫೈಲಿಗೆ ದಾರಿ ಬರೆದಿದ್ದು ತಲೆಬರಹದ ಫೈಲಿನೊಳಗೆ. ‘ಒಂದು ಹೆಜ್ಜೆ ಹೊರಗೆ ಹೋಗಿ, ಪಕ್ಕದ ಫೋಲ್ಡರು ಹೊಕ್ಕು’ ಎಂದು ಬರೆದಿದ್ದೆ. ಆ ಹೆಜ್ಜೆಯ ಲೆಕ್ಕ ದಾರಿ ಬರೆದ ಫೈಲಿನಿಂದಲ್ಲ, ತೆರೆಯಲು ಹೊರಟ ಪುಟದಿಂದ! ಹಳೇಬೀಡಿನ ಪುಟ ಕೋಣೆಯೊಳಗಿತ್ತು, ಒಂದು ಹೆಜ್ಜೆ ಇಟ್ಟರೆ ಅಂಗಳ. ಮುಖಪುಟ ಮೊದಲೇ ಅಂಗಳದಲ್ಲಿತ್ತು, ಒಂದು ಹೆಜ್ಜೆ ಇಟ್ಟರೆ ನೇರ ಬೀದಿ! ಥೇಟ್ ಮಾದಿಹಳ್ಳಿಯ ಎಡ.

ಕದಲದ ಜಾಗ ಯಾವುದು? ಎಲ್ಲಕ್ಕೂ ಹೊರಗಿನ ಆ ದೊಡ್ಡ ಫೋಲ್ಡರೇ ನಮ್ಮ ಅರಸೀಕೆರೆ ಸ್ಟೇಷನ್ನು. ಅಲ್ಲಿಂದ ಹಿಡಿದು ಪ್ರತಿ ಫೈಲಿಗೂ ಪೂರ್ತಿ ದಾರಿ ಬರೆದೆ. ಮುಖಪುಟ ತೆರೆಯಿತು!

ಅತ್ತೆ ನಂಬಿದರೇ? ನನ್ನ ಮೂವರು ಗೆಳತಿಯರನ್ನು ಕರೆದು, ಮೂರು ಕಂಪ್ಯೂಟರಿನಲ್ಲಿ ತೆರೆಸಿ ನೋಡಿದ ಮೇಲೆಯೇ ಡಬ್ಬ ಬಿಚ್ಚಿದ್ದು.

“ಇಷ್ಟುದ್ದದ ದಾರಿ ಯಾಕಮ್ಮ ಬರೆದೆ?” ಎಂದು ಮರುದಿನ ಪರೀಕ್ಷಕರು ಕೇಳಿದರು. “ಹೊರಡೋ ಜಾಗ ಬದಲಾದ್ರೂ ದಾರಿ ತಪ್ಪಬಾರದು ಸರ್” ಎಂದೆ. ಅವರು ತಲೆಯಾಡಿಸಿದರು. ನಾನು ಪಾಸಾದೆ.

ಸರ್ಟಿಫಿಕೇಟು ಬಂದ ದಿನ ಅದನ್ನು ಅತ್ತೆಯ ಕೈಗೇ ಕೊಟ್ಟೆ. ಇನ್ನು ಪೋಸ್ಟ್‌ಮ್ಯಾನ್, ಮೇಷ್ಟ್ರು, ಅಂಗಡಿಯವರ ಮೆರವಣಿಗೆ ಎಂದುಕೊಂಡೆ. ಆ ಮೂರು ಸಾಕ್ಷಿಯ ಕಾನೂನು ಹುಟ್ಟಿದ್ದು ಹೇಗೆಂದು ಅಮ್ಮ ಒಮ್ಮೆ ಹೇಳಿದ್ದಳು. ಅತ್ತೆ ಗಂಡನ ಮನೆಯಲ್ಲಿದ್ದಾಗ ತವರಿನಿಂದ ಕಾಗದ ಬಂತಂತೆ. ಓದಿಕೊಟ್ಟವರು ಅವಸರದಲ್ಲಿದ್ದರು. ‘ನಾವೆಲ್ಲ ಕ್ಷೇಮ’ ಎಂಬ ಮೊದಲ ಸಾಲು ಓದಿ ಮಡಿಸಿಕೊಟ್ಟರು. ‘ಅವ್ವನಿಗೆ ಕಾಯಿಲೆ ಜೋರಾಗಿದೆ, ಬೇಗ ಬಾ’ ಎಂದು ಬರೆದಿದ್ದು ಕೆಳಗೆ. ಅತ್ತೆ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಅತ್ತೆ ಸರ್ಟಿಫಿಕೇಟನ್ನು ಸೆರಗಿನಿಂದ ಒರೆಸಿ ನನ್ನ ಕೈಗೇ ಕೊಟ್ಟರು. “ಓದು. ಕೊನೇಗಂಟ ಓದು.”

ಓದಿದೆ. ಕೆಳಗಿನ ಸಹಿಯವರೆಗೂ ಓದಿದೆ.

“ಇನ್ನಿಬ್ಬರ ಹತ್ರ ಓದಿಸಲ್ವಾ ಅತ್ತೆ?”

“ಯಾಕಮ್ಮಿ? ಓದೋಳು ಮನೇಲೇ ಅವ್ಳೆ. ಇನ್ಮ್ಯಾಲೆ ಯಾರ ಬಾಗ್ಲಿಗ್ಯಾಕೆ ಹೋಗ್ಲಿ?”