ಹನ್ನೊಂದು ಸಾವಿರ ಅಡಿ ಮತ್ತು ಮೂರು ಮಹಡಿ

ಮನುಷ್ಯ ತನ್ನ ಸ್ವಾರ್ಥಕ್ಕೆ ಇಡುವ ಹೆಸರುಗಳಲ್ಲಿ ಕಾಳಜಿಯಷ್ಟು ಮರ್ಯಾದಸ್ಥವಾದದ್ದು ಇನ್ನೊಂದಿಲ್ಲ. ಇದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ಹೈದರಾಬಾದಿನ ಒಂದು ಸರ್ಕಾರಿ ಕಾರ್ಖಾನೆಯ ಯೋಜನಾ ವಿಭಾಗದಲ್ಲಿ ನಾನು ಇಪ್ಪತ್ತೆರಡು ವರ್ಷಗಳಿಂದ ಇದ್ದೇನೆ. ಯಾವ ಬಿಡಿಭಾಗ ಯಾವ ದಿನ ಯಾವ ಯಂತ್ರದ ಮೇಲೆ ಕೂರಬೇಕು ಎಂದು ಪಟ್ಟಿ ಮಾಡುವುದು ನನ್ನ ಕೆಲಸ. ಆ ದಿನ ಅದು ಅಲ್ಲಿ ಕೂರುವುದಿಲ್ಲ. ಆದರೆ ಅದು ಬೇರೆ ವಿಭಾಗದವರ ತಲೆನೋವು. ಪಟ್ಟಿ ಮಾತ್ರ ಚೆನ್ನಾಗಿರುತ್ತದೆ ಎಂದು ನಮ್ಮ ಸಾಹೇಬರೇ ಎರಡು ಸಲ ಹೇಳಿದ್ದಾರೆ.

ಕಳೆದ ಬೇಸಿಗೆಯಲ್ಲಿ ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನ ನಲ್ಲಿಯಲ್ಲಿ ಬೆಳಗಿನ ಎಂಟು ಗಂಟೆಗೇ ಬಿಸಿನೀರು ಬರುತ್ತಿದ್ದಾಗ, ಒಂಬತ್ತನೇ ತರಗತಿ ಮುಗಿಸಿದ ಮಗಳು ಪಲ್ಲವಿ ತನ್ನ ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಹಿಮಾಲಯದ ಮಡಿಲಲ್ಲಿ, ಹನ್ನೊಂದು ಸಾವಿರ ಅಡಿ ಎತ್ತರದ ಒಂದು ಸರೋವರ. ದಡದಲ್ಲಿ ಒಂದು ಪುಟ್ಟ ಮರದ ಕ್ಯಾಬಿನ್. ಅದರ ಮುಂದೆ ಯಾರೋ ಉಣ್ಣೆಯ ಟೋಪಿ ಹಾಕಿಕೊಂಡು, ಎರಡೂ ಕೈಗಳಲ್ಲಿ ಚಹಾದ ಕಪ್ಪು ಹಿಡಿದು, ನೀರನ್ನು ನೋಡುತ್ತ ಕೂತಿದ್ದ. ಅವನ ಮುಖ ಕಾಣುತ್ತಿರಲಿಲ್ಲವಾದ್ದರಿಂದ ಅಲ್ಲಿ ನನ್ನ ಮುಖವನ್ನು ಇಟ್ಟುಕೊಳ್ಳಲು ನನಗೆ ಕಷ್ಟವಾಗಲಿಲ್ಲ. ಹೆಂಡತಿ ಸುಮಿತ್ರಾ ನೋಡಿದಳು. "ಹೋಗೂಣ್ರಿ. ಈ ಸಲ ನಿಮ್ಮ ರಜಾ ಸುಮ್ಮನ ಹಾಳು ಮಾಡಬ್ಯಾಡ್ರಿ" ಎಂದಳು.

ಒಳಗಿನ ಕೋಣೆಯಿಂದ ಅವ್ವ ಬಂದಳು. ಅವಳಿಗೆ ಎಪ್ಪತ್ತನಾಲ್ಕು ವರ್ಷ. ಅಪ್ಪ ಹೋದ ಮೇಲೆ ಬಾಗಲಕೋಟೆ ಬಿಟ್ಟು ನಮ್ಮಲ್ಲಿಗೆ ಬಂದು ಒಂಬತ್ತು ವರ್ಷವಾಗಿದೆ.

"ಕ್ಯಾಬಿನ್ ಅಂದ್ರ ನಿಮ್ಮ ಸಾಹೇಬ್ರು ಕೂಡೂದಲ್ಲೇನೋ? ಅದನ್ನ ನೋಡಾಕ ಅಷ್ಟು ದೂರ ಯಾಕ ಹೋಗಬೇಕು?"

ಪಲ್ಲವಿ ಚಿತ್ರ ತೋರಿಸಿದಳು. ಅವ್ವ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ, "ಇಂಥಾ ನೀರಿನ ದಂಡಿ ಮ್ಯಾಗ ಕುಂದರಬೇಕಂತ ನಿಮ್ಮಪ್ಪಗ ಭಾಳ ಆಸೆ ಇತ್ತು. ನಾನೂ ಬರ್ತೀನಿ" ಎಂದು ಹೇಳಿ ಸೊಪ್ಪು ಸೋಸಲು ಹೋದಳು.

ಈಗ ನಿಜ ಹೇಳಬೇಕು. ಕ್ಯಾಬಿನ್ನಿನಲ್ಲಿ ಇದ್ದದ್ದು ಒಂದೇ ಕೋಣೆ. ಅವ್ವ ಬಂದರೆ ಜೋಳದ ಹಿಟ್ಟು, ಹಂಚು, ಶೇಂಗಾ ಚಟ್ನಿಯ ಡಬ್ಬಿ ಬರುತ್ತವೆ. ಆ ಟೋಪಿಯವನ ಪಕ್ಕದಲ್ಲಿ ಅವನ ತಾಯಿ ಕೂತು, "ಕಿವಿ ಮುಚ್ಚಿಕೊಳ್ಳೋ, ಥಂಡಿ ಹತ್ತತೈತಿ" ಎನ್ನುವ ಚಿತ್ರವನ್ನು ಯಾರೂ ಫೋನಿನಲ್ಲಿ ಹಾಕುವುದಿಲ್ಲ. ನನಗೆ ನಾಲ್ಕು ದಿನ ಯಾರ ಮಗನೂ ಆಗಿರದೆ ಸರೋವರವನ್ನು ನೋಡುತ್ತ ಕೂರಬೇಕಾಗಿತ್ತು. ಇದನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಹಾಗಾಗಿ ನಾನು ಅವ್ವನ ಶ್ವಾಸಕೋಶದ ಬಗ್ಗೆ ಚಿಂತೆ ಮಾಡತೊಡಗಿದೆ. ಎತ್ತರದಲ್ಲಿ ಆಮ್ಲಜನಕ ಎಷ್ಟು ಕಡಿಮೆ, ವಯಸ್ಸಾದವರ ಎದೆಗೆ ಏನಾಗುತ್ತದೆ ಎಂಬುದನ್ನೆಲ್ಲ ಓದಿ, ಊಟಕ್ಕೆ ಕೂತಾಗ ಎಲ್ಲರಿಗೂ ವಿವರಿಸಿದೆ. ಅವಳನ್ನು ಆ ವಾರ ಗದಗಿನಲ್ಲಿರುವ ನನ್ನ ತಂಗಿ ಶಾರದಾಳ ಮನೆಗೆ ಕಳಿಸುವುದೆಂದು, ಪ್ರವಾಸಕ್ಕೆಂದು ಮಾಡಿದ ಪಟ್ಟಿಯಲ್ಲಿ ಬರೆದೂಬಿಟ್ಟೆ. ಅವ್ವ ಮಾತ್ರ, "ಡಾಕ್ಟರ್ ಬ್ಯಾಡ ಅಂದ್ರ ಬಿಡ್ತೀನಿ" ಎಂದಳು. ಅಂದರೆ, ನೀನು ಹೇಳಿದರೆ ಬಿಡುವುದಿಲ್ಲ ಎಂದರ್ಥ.

ಡಾಕ್ಟರ್ ಇದ್ದದ್ದು ಹಿಮಾಯತ್‌ನಗರದಲ್ಲಿ, ಬಟ್ಟೆ ಅಂಗಡಿಯ ಮೇಲೆ ಮೂರನೇ ಮಹಡಿಯಲ್ಲಿ. ನಾವು ಹೋದ ದಿನ ಲಿಫ್ಟ್ ಕೆಟ್ಟಿತ್ತು. ಇದು ಒಳ್ಳೆಯದೇ ಆಯಿತೆಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಮೂರು ಮಹಡಿ ಹತ್ತಿದ ಅವ್ವನನ್ನು ನೋಡಿದರೆ ಡಾಕ್ಟರಿಗೆ ಬೇರೆ ಪರೀಕ್ಷೆಯೇ ಬೇಕಾಗುವುದಿಲ್ಲ. ಅವ್ವ ಸೀರೆಯ ನೆರಿಗೆ ಒಂದು ಕೈಯಲ್ಲಿ ಎತ್ತಿ ಹಿಡಿದು, ಮೆಟ್ಟಿಲ ಕಂಬಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಹತ್ತಿದಳು. ಎರಡನೇ ಮಹಡಿಯಲ್ಲಿ ನಾನು ಫೋನ್ ಬಂದವನಂತೆ ನಿಂತೆ. ಫೋನ್ ಬಂದಿರಲಿಲ್ಲ. ಮೇಲೆ ತಲುಪಿದಾಗ ಅವ್ವ ಬೆಂಚಿನ ಮೇಲೆ ಕೂತು, ಪಕ್ಕದವರ ಮೊಮ್ಮಗುವಿನ ಹೆಸರನ್ನು ಕೇಳಿ ತಿಳಿದುಕೊಂಡಾಗಿತ್ತು.

ಡಾಕ್ಟರ್ ಅವ್ವನ ಎದೆ, ಬೆನ್ನು, ಬೆರಳು ಎಲ್ಲ ನೋಡಿದರು. ನಾನು ಅವರ ಕಡೆ ಬಾಗಿ, ಅವ್ವನಿಗೆ ಅರ್ಥವಾಗದಿರಲೆಂದು ತೆಲುಗಿನಲ್ಲಿ ಮೆಲ್ಲಗೆ, "ಸರ್, ಅಮ್ಮಕಿ ಅಂತ ಎತ್ತು ವದ್ದನಿ ಮೀರೇ ಚೆಪ್ಪಂಡಿ" ಎಂದೆ. ಅಷ್ಟು ಎತ್ತರ ಬೇಡವೆಂದು ನೀವೇ ಹೇಳಿಬಿಡಿ, ಎಂದು. ಡಾಕ್ಟರ್ ಏನಾದರೂ ಹೇಳುವ ಮೊದಲೇ ಅವ್ವ, "ನಾಕು ಏಮಿ ಕಾಲೇದು ಡಾಕ್ಟರ್ ಗಾರು. ಮೋಕಾಳ್ಳು ಕೊಂಚೆಂ ನೊಪ್ಪಿ, ಅಂತೆ" ಎಂದಳು. ತನಗೇನೂ ಆಗಿಲ್ಲ, ಮೊಣಕಾಲು ಸ್ವಲ್ಪ ನೋಯುತ್ತದೆ, ಅಷ್ಟೇ. ಒಂಬತ್ತು ವರ್ಷ ಸಂಜೆ ಹೊತ್ತು ಕೆಳಗಿನ ಕಟ್ಟೆಯ ಮೇಲೆ ನೆರೆಯ ಹೆಂಗಸರೊಂದಿಗೆ ಅವಳು ಯಾವ ಭಾಷೆಯಲ್ಲಿ ಮಾತಾಡುತ್ತಿದ್ದಳೆಂದು ನಾನು ಯೋಚಿಸಿಯೇ ಇರಲಿಲ್ಲ. ಅವಳ ತೆಲುಗು ನನ್ನದಕ್ಕಿಂತ ಶುದ್ಧವಾಗಿತ್ತು.

ಡಾಕ್ಟರ್ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದರು. "ನೀವು ಯಾಕೆ ಇಷ್ಟು ಬೆವರಿದ್ದೀರಿ?" ಎಂದು ಹಿಂದಿಯಲ್ಲಿ ಕೇಳಿ, ಅವ್ವನ ತೋಳಿನಿಂದ ಬಿಚ್ಚಿದ, ರಕ್ತದೊತ್ತಡ ನೋಡುವ ಪಟ್ಟಿಯನ್ನು ನನ್ನ ತೋಳಿಗೆ ಸುತ್ತಿದರು. ಒಮ್ಮೆ ಗಾಳಿ ತುಂಬಿದರು, ಬಿಟ್ಟರು, ಹತ್ತು ನಿಮಿಷ ಸುಮ್ಮನೆ ಕೂರಿಸಿ ಮತ್ತೆ ತುಂಬಿದರು. ರಕ್ತದೊತ್ತಡ ಎಷ್ಟಿತ್ತೆಂದು ಇಲ್ಲಿ ಬರೆಯುವುದಿಲ್ಲ, ಓದಿದವರದೂ ಏರೀತು. ಅಮ್ಮನನ್ನು ದಾರಿಯಲ್ಲಿ ಎರಡು ದಿನ ನಿಲ್ಲಿಸಿ ನಿಧಾನವಾಗಿ ಕರೆದುಕೊಂಡು ಹೋಗಬಹುದು, ನೀವು ಮಾತ್ರ ಈ ಸಲ ಬೆಟ್ಟದ ಮಾತೇ ಎತ್ತಬೇಡಿ ಎಂದು ಹೇಳಿ ಗುಳಿಗೆ ಬರೆದುಕೊಟ್ಟರು.

ಕೆಳಗಿಳಿಯುವಾಗ ಅವ್ವ ಒಂದೊಂದು ಮೆಟ್ಟಿಲಿಗೂ ನನ್ನ ತೋಳು ಹಿಡಿದುಕೊಂಡಳು. ತನ್ನ ಮೊಣಕಾಲಿಗಾಗಿ ಹಿಡಿದಿದ್ದಾಳೆಂದು ಮೊದಲು ತಿಳಿದೆ. ಒಂದನೇ ಮಹಡಿಯಲ್ಲಿ ನಿಂತು, "ಎದ್ಯಾಗ ಏನರ ಆಗಾಕತ್ತೈತೇನು? ಇದ್ದದ್ದು ಹೇಳು" ಎಂದಳು. ಉತ್ತರಕ್ಕೆ ಕಾಯದೆ ಸೆರಗಿನಿಂದ ನನ್ನ ಹಣೆಯ ಬೆವರು ಒರೆಸಿದಳು. ಅವಳ ವಯಸ್ಸಿನ ಬಗ್ಗೆ ಎರಡು ವಾರ ಭಾಷಣ ಮಾಡಿದ ನಾನು ಅವಳನ್ನು ಒಮ್ಮೆಯೂ ಹೀಗೆ ಕೇಳಿರಲಿಲ್ಲ.

ಮನೆಯಲ್ಲಿ ನಾನು, ಪ್ರವಾಸವನ್ನೇ ರದ್ದು ಮಾಡೋಣ ಎಂದೆ. ಎಲ್ಲರೂ ಬೇಡ ಎನ್ನುತ್ತಾರೆಂದು ತಿಳಿದು ಹೇಳಿದ ಮಾತಲ್ಲ ಅದು; ಹೌದು ಎನ್ನುತ್ತಾರೆಂದು ನಂಬಿಯೇ ಹೇಳಿದ್ದು. ಸುಮಿತ್ರಾ, "ನೀವು ಆರಾಮ ತಗೋರಿ. ನಾವು ಮೂರೂ ಮಂದಿ ಹೋಗಿ ಬರ್ತೀವಿ" ಎಂದಳು. ಗದಗಿಗೆ ಫೋನ್ ಹೋಯಿತು. ಶಾರದಾ ಉಪ್ಪಿಲ್ಲದ ಅಡುಗೆ ಮಾಡಲು ಹೈದರಾಬಾದಿಗೆ ಬಂದಿಳಿದಳು. ನನ್ನ ಹನ್ನೊಂದು ಪುಟದ ಪಟ್ಟಿಯನ್ನು ಅವ್ವ ಹಂಚಿಗೆ ಸುತ್ತಿ, ಹಂಚನ್ನು ಚೀಲದಲ್ಲಿಟ್ಟುಕೊಂಡಳು.

ಅವರು ಹೊರಟ ಐದನೆಯ ದಿನ ಮಧ್ಯಾಹ್ನ ಅವ್ವನ ಫೋನ್ ಬಂತು. ನಾನು ಮಿಯಾಪುರದ ಬಾಲ್ಕನಿಯಲ್ಲಿ ನಿಂತಿದ್ದೆ. ಎದುರಿನ ಕಟ್ಟಡದ ತಲೆಯ ಮೇಲೇ ಮೊಬೈಲ್ ಟವರ್ ಇದೆ. ಅವ್ವ ಸರೋವರದ ದಡದಲ್ಲಿ ಕೂತಿದ್ದಳಂತೆ. ಕ್ಯಾಬಿನ್ ಕಾಯುವವನ ಹೆಂಡತಿಗೆ ರೊಟ್ಟಿ ಬಡಿಯುವುದನ್ನು ಕಲಿಸಿದಳಂತೆ. ನೀರು ಬೆಳಗ್ಗೆ ಹಸಿರು, ಈಗ ನೀಲಿ ಎಂದಳು. "ನಿಮ್ಮಪ್ಪನ ನೆನಪು ಭಾಳ ಬಂತು" ಎಂದಳು. ಆಮೇಲೆ ಜಗಳದ ದನಿಯಿಲ್ಲದೆ, ಉಪ್ಪು ಎಲ್ಲಿಟ್ಟಿದ್ದೀ ಎಂದು ಕೇಳುವ ಹಾಗೆ ಕೇಳಿದಳು.

"ನಾ ಬರಬಾರದಂತ ಯಾಕ ಅನಿಸಿತ್ತಪಾ ನಿನಗ?"

"ಅವ್ವಾ, ಹಲೋ, ಇಲ್ಲಿ ನೆಟ್‌ವರ್ಕ್ ಇಲ್ಲ, ನಿನ್ನ ದನಿ ಕೇಳವಲ್ದು" ಎಂದೆ.

"ನನಗಂತೂ ಸ್ವಚ್ಛ ಕೇಳಾಕತ್ತೈತಿ" ಎಂದಳು ಅವ್ವ, ಹನ್ನೊಂದು ಸಾವಿರ ಅಡಿ ಮೇಲಿನಿಂದ.